ಕೊಲೆಗಾರನ ಹೆಸರಿಗೆ ಮುಂಚೆ

ಒಂದು ಚುಕ್ಕೆ ಸಾಕು. ಅಕ್ಷರ ಅಕ್ಷರಕ್ಕೂ ಒಂದೊಂದು ಚುಕ್ಕೆಯಷ್ಟು ಜಾಗ ಹೆಚ್ಚಿಗೆ ಕೊಟ್ಟರೆ ಸಾಲಿನ ಕೊನೆಯ ಪದ ಕೆಳಗಿನ ಸಾಲಿಗೆ ಜಾರುತ್ತದೆ. ಅದರ ಹಿಂದೆಯೇ ಮತ್ತೊಂದು ಸಾಲು, ಆಮೇಲೆ ಪುಟ, ಆಮೇಲೆ ಇಡೀ ಪುಸ್ತಕ. ಅಕ್ಷರ ಸ್ಪಷ್ಟವಾಗಬೇಕಾದರೆ ಬೇರೆ ದಾರಿ ಇರಲಿಲ್ಲ ಎಂದುಬಿಟ್ಟರೆ ಯಾರೂ ನನ್ನನ್ನು ತಿರುಗಿ ಕೇಳುವುದಿಲ್ಲ. ಮಾಡಿಬಿಡಲೇ? ಆ ಹೆಂಗಸು ಬಂದು ಕೇಳಿದ್ದು ಇದನ್ನೇ. ಆಕೆಯ ಗಂಡ ಕೇಳಿದ್ದು ಇದೊಂದು ಆಗದ ಹಾಗೆ ನೋಡಿಕೊಳ್ಳಿ ಎಂದು. ಇಬ್ಬರೂ ಒಂದೇ ಮನೆಯವರು, ಕೇಳಿದ್ದೂ ಪುಸ್ತಕ ಓದುವ ಒಂದೇ ಯಂತ್ರದ, ಒಂದೇ ರೀಡರಿನ ಬಗ್ಗೆ. ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋದೆ, ತಿರುಗಿ ಬಂದು ಕೂತೆ, ಮತ್ತೆ ಎದ್ದೆ. ಎದುರು ಮೇಜಿನ ಸರ್ವಮಂಗಳಾ ಮೇಡಂ ತಲೆಯೆತ್ತದೆ ಹೇಳಿದರು: "ಬಾತ್‌ರೂಮು ಆ ಕಡೆ ಇದೆ."

ನಮ್ಮ ಊರಿನಲ್ಲಿ ಸುಣ್ಣದ ಗೂಡುಗಳಿವೆ. ಎಲೆಗಳ ಮೇಲೆ, ಸೈಕಲ್ ಸೀಟುಗಳ ಮೇಲೆ, ಮಲಗಿದ ನಾಯಿಗಳ ಬೆನ್ನಿನ ಮೇಲೆ ಸದಾ ಬಿಳಿಯ ಪುಡಿ ಕೂತಿರುತ್ತದೆ. ನಮ್ಮ ಊರಿನಲ್ಲಿ ರೀಡರಿನ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಅವರ ದನಿ ಆ ಪುಟದಲ್ಲಿ ಉಳಿಯುತ್ತದೆ. ಆಮೇಲೆ ಅದೇ ಪುಟವನ್ನು ಮನಸ್ಸಿನಲ್ಲಿ ಓದಿಕೊಳ್ಳುವವನಿಗೆ, ಅವನ ಕಣ್ಣು ಸಾಗಿದ ಹಾಗೆಲ್ಲ, ಆ ದನಿ ಕೇಳಿಸುತ್ತದೆ. ಓದುವವನಿಗೆ ಮಾತ್ರ; ಪಕ್ಕದಲ್ಲಿ ಕೂತವರಿಗೆ ಇಲ್ಲ. ಇನ್ನೊಬ್ಬರು ಗಟ್ಟಿಯಾಗಿ ಓದಿಬಿಟ್ಟರೆ ಮೊದಲಿನವರ ದನಿ ಹೋಗಿ ಅವರದು ಕೂರುತ್ತದೆ. ಕಾಗದದಲ್ಲಿ ಹೀಗಾಗುವುದಿಲ್ಲ, ಅದಕ್ಕೇ ಇಲ್ಲಿ ಕಾಗದದ ಪುಸ್ತಕ ಕೊಳ್ಳುವವರು ಕಡಿಮೆ.

ಹಾಗಾಗಿ ನಮ್ಮವರು ತುಟಿ ಬಿಗಿದು ಓದುತ್ತಾರೆ. ಅಜ್ಜಿಯ ರೀಡರನ್ನು ಮಕ್ಕಳ ಕೈಗೆ ಕೊಡುವಾಗ "ಬಾಯಿ ಮುಚ್ಕೊಂಡು ಓದು" ಎಂದು ಹೇಳಿಯೇ ಕೊಡುತ್ತಾರೆ. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಒಂದಷ್ಟು ಪುಟ ಓದಿಟ್ಟು ಕಳಿಸುತ್ತಾಳೆ. ಏನು ಓದಿದಳು ಎನ್ನುವುದು ಯಾರಿಗೂ ಮುಖ್ಯವಲ್ಲ. ಒಬ್ಬ ಹುಡುಗಿಯ ಪಾಲಿಗೆ ಬಂದದ್ದು ಮಿಕ್ಸಿಯ ಜೊತೆ ಬರುವ ಸೂಚನೆಗಳ ಪುಟ. ಅವಳು ಈಗಲೂ ಅದನ್ನು ಓದಿಕೊಂಡು ಕಣ್ಣು ಒರೆಸಿಕೊಳ್ಳುತ್ತಾಳಂತೆ. ಲೈಬ್ರರಿಯಲ್ಲಿ ಕರಿಬಸಮ್ಮ ಎಂಬವರು ಇದ್ದಾರೆ. ಜನ ವಾಪಸ್ ತಂದುಕೊಟ್ಟ ರೀಡರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಗಡಗಡ ಓದಿ ಹಳೆಯ ದನಿಗಳನ್ನು ಒರೆಸುವುದು ಅವರ ಕೆಲಸ. ಊರಿನ ಎಷ್ಟೋ ಕಾದಂಬರಿಗಳ ರಾಜಕುಮಾರಿಯರಿಗೆ, ಪೊಲೀಸರಿಗೆ, ಪ್ರೇಮಿಗಳಿಗೆ ಕರಿಬಸಮ್ಮನವರ ನೆಗಡಿಯ ದನಿಯೇ ಇದೆ. ಜನ ಅದಕ್ಕೂ ಹೊಂದಿಕೊಂಡಿದ್ದಾರೆ.

ನನ್ನ ರೀಡರಿನಲ್ಲಿ ಯಾರೂ ಇಲ್ಲ. ನಾನು ಯಾವತ್ತೂ ಗಟ್ಟಿಯಾಗಿ ಓದಿದವನಲ್ಲ, ಯಾರನ್ನೂ ಓದಿಕೊಡಿ ಎಂದು ಕೇಳಿದವನೂ ಅಲ್ಲ. ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ನಮ್ಮ ತಂದೆ, "ಮಾತಾಡದೆ ಮಾಡೋ ಕೆಲಸ ಯಾವುದಾದ್ರೂ ಇದ್ರೆ ಇವನಿಗೆ ಕೊಡಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಹಾಗೆ ಹೇಳಿದ್ದು ಸರ್ವಮಂಗಳಾ ಮೇಡಂ ಕಿವಿಗೂ ಬಿತ್ತು. ಹಳೆಯ ಸುಣ್ಣದ ಉಗ್ರಾಣದ ಹಿಂಭಾಗದಲ್ಲಿ ಅವರ ಕಚೇರಿ. ಊರಿನ ರೀಡರುಗಳ ಒಳಗೆ ಅಕ್ಷರವನ್ನು ಗಾಜಿನ ಮೇಲೆ ಮೂಡಿಸುವ ಫರ್ಮ್‌ವೇರ್ ಇರುತ್ತದಲ್ಲ, ಅದರ ರಿಪೇರಿ, ಅದರ ಸುಧಾರಣೆ ಇಲ್ಲಿ ನಡೆಯುತ್ತದೆ. ಸೇರಿದ ದಿನ ಮೇಡಂ ನನಗೆ ಹೇಳಿದ್ದು ಒಂದೇ ಮಾತು.

"ಸಾಲಿನ ತುದಿ ಮುಟ್ಟಬೇಡಿ. ಮಿಕ್ಕಿದ್ದು ಏನು ಬೇಕಾದ್ರೂ ಮಾಡ್ಕೊಳ್ಳಿ. ನಿಮಗಿಂತ ಮುಂಚೆ ಇದ್ದೋರು ಅಂಚು ಚಂದ ಕಾಣಲಿ ಅಂತ ತುದಿ ಮುಟ್ಟಿದ್ರು. ನೂರಾರು ಮನೆ ದನಿ ಹೋಯ್ತು. ಈಗ ಅವರೂ ಊರಲ್ಲಿಲ್ಲ."

ಸಾಲು ಎಲ್ಲಿ ಮುರಿಯುತ್ತದೋ ಅಲ್ಲೇ ಮುರಿಯಬೇಕು. ಅದು ಒಂದು ಪದ ಆಚೀಚೆಯಾದರೂ ಪುಟದಲ್ಲಿದ್ದ ದನಿ ಉಳಿಯುವುದಿಲ್ಲ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಮರುಳಸಿದ್ದಪ್ಪನವರು ಬಂದದ್ದು ನಾನು ಸೇರಿ ವರ್ಷವಾದ ಮೇಲೆ. ಪೇಟೆಯಲ್ಲಿ ಹಾಸಿಗೆ, ದಿಂಬು ಮಾಡುವ ಅಂಗಡಿ ಅವರದು. ಅಂಗಿಯ ಮೇಲೆ, ಹುಬ್ಬಿನ ಮೇಲೆ ಬೂರುಗದ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಬಂದವರೇ ರೀಡರನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಈ ಒತ್ತು ಯಾವ ಸಾಲಿಂದು ಹೇಳು ತಮ್ಮಾ, ನೋಡಾಣ."

"ಮೇಲಿನ ಸಾಲಿಂದು."

"ನಿನಗೇನಪ್ಪ, ಎಳೇ ಕಣ್ಣು. ನನಗೆ ಕೆಳಗಿನ ಅಕ್ಷರಕ್ಕೆ ಕಿರೀಟ ಇಟ್ಟಂಗೆ ಕಾಣ್ತದೆ."

ಅವರ ದೂರು ನಿಜವಿತ್ತು. ಹಳೆಯ ಫರ್ಮ್‌ವೇರಿನಲ್ಲಿ ಸಾಲುಗಳ ನಡುವಿನ ಜಾಗ ಬೇರೆ ಯಾವುದೋ ಲಿಪಿಗೆ ಅಳೆದು ಇಟ್ಟದ್ದು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದವು. ಅಕ್ಷರದ ದುಂಡು ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಒಂದು ಪದ ಇನ್ನೊಂದನ್ನು ಒತ್ತಿಕೊಂಡು ನಿಂತರೆ, ಅದೇ ಸಾಲಿನಲ್ಲಿ ಮತ್ತೆರಡು ಪದಗಳ ನಡುವೆ ಗಾಡಿ ಹೋಗುವಷ್ಟು ದಾರಿ.

"ಅಕ್ಷರ ಕಾಣ್ದಿದ್ರೆ ಕಣ್ಣು ನಿಲ್ತದೆ, ಕಣ್ಣು ನಿಂತ್ರೆ ಇವಳು ತೊದಲ್ತಾಳೆ" ಎಂದರು. "ತೊದಲೋಳಲ್ಲ ತಮ್ಮಾ ಇವಳು. ನೀರು ಹರಿದಂಗೆ ಓದೋಳು. ಇವಳನ್ನ ಸರಿಮಾಡಿಕೊಡು. ಸಾಲು ಮಾತ್ರ ಅಲ್ಲಾಡಬಾರದು."

ಇವಳು ಎನ್ನುವಾಗ ಅವರು ರೀಡರನ್ನು ಬೆರಳಿನಿಂದ ತಟ್ಟುತ್ತಿದ್ದರು. ಅವರ ಹೆಂಡತಿ ನೀಲಮ್ಮ ಬಾಗಿಲ ಹತ್ತಿರ ನಿಂತು, ಹೊರಗೆ ಹೋಗುತ್ತಿದ್ದ ಸುಣ್ಣದ ಲಾರಿಯನ್ನು ನೋಡುತ್ತಿದ್ದರು. ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದರು. ಗಂಟಲಿಗೆ ಗಡ್ಡೆಯಾಗಿ, ಆಪರೇಷನ್ ಆಗಿ, ಜೀವ ಉಳಿದು, ಮಾತು ಹೋಗಿತ್ತು. ಕಂಕುಳಲ್ಲಿ ಶಾಲೆಯ ಮಕ್ಕಳದ್ದರಂಥ ಒಂದು ಸ್ಲೇಟು.

ಮೊದಲೆಲ್ಲ ಮರುಳಸಿದ್ದಪ್ಪನವರು ಹತ್ತಿ ತುಂಬುತ್ತ ಕೂತರೆ, ನೀಲಮ್ಮ ಎದುರು ಕೂತು ಒಂದು ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದರಂತೆ. ದಪ್ಪ ಕಾದಂಬರಿ, ಅಧ್ಯಾಯಕ್ಕೊಂದು ಕೊಲೆ, ಅಧ್ಯಾಯದ ಕೊನೆಗೆ ಅದರ ಕೊಲೆಗಾರ. ಮುಗಿದರೆ ಮತ್ತೆ ಮೊದಲಿನಿಂದ. ಬೇರೆ ಪುಸ್ತಕ ತಂದರೆ ಗಂಡ ಒಪ್ಪುತ್ತಿರಲಿಲ್ಲ. ಹಾಗೆ ಓದಿದ್ದರಿಂದಲೇ ಅವರ ದನಿ ಆ ಪುಟಗಳಲ್ಲಿ ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮರುಳಸಿದ್ದಪ್ಪನವರಿಗೆ ಬಿಡುವು ಸಿಕ್ಕರೆ ಆ ರೀಡರೇ.

ಅದಾಗಿ ಒಂದೆರಡು ದಿನಕ್ಕೆ, ಊಟದ ಹೊತ್ತಿನಲ್ಲಿ, ಮೇಡಂ ಮನೆಗೆ ಹೋಗಿದ್ದಾಗ ನೀಲಮ್ಮ ಒಬ್ಬರೇ ಬಂದರು. ನಾನು ಡಬ್ಬಿ ಬಿಚ್ಚುತ್ತಿದ್ದವನು ಎದ್ದು ನಿಂತೆ. ಕೂತುಕೋ ಎಂದು ಕೈಮಾಡಿ, ಸ್ಲೇಟನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದರು.

'ಸಾಲು ಸರಿಸಿಬಿಡಪ್ಪ.'

ನಾನು ತಪ್ಪು ಓದಿದೆನೇನೋ ಎಂದುಕೊಂಡೆ. "ಸರಿಸಿದ್ರೆ ನಿಮ್ಮ ದನಿ ಹೋಗ್ತದಲ್ಲ, ಅಮ್ಮಾ."

'ಗೊತ್ತು.' ಸೆರಗಿನ ತುದಿಯಿಂದ ಒರೆಸಿ ಮತ್ತೆ ಬರೆದರು. 'ಅಕ್ಷರ ಕಾಣಬೇಕಾದರೆ ಬೇರೆ ದಾರಿ ಇರಲಿಲ್ಲ ಅಂತ ಹೇಳು. ನಂಬ್ತಾರೆ.'

"ಅವರು ಎಷ್ಟು ಆಸೆ ಇಟ್ಕೊಂಡಿದ್ದಾರೆ ಅಂದ್ರೆ..."

ಮುಂದೆ ಹೇಳುವುದು ಬೇಡವೆಂದು ಬಳಪ ಎತ್ತಿದರು. ಆಮೇಲೆ ಸಣ್ಣ ಅಕ್ಷರದಲ್ಲಿ, ಒತ್ತೊತ್ತಾಗಿ ಬರೆದರು: 'ನಾನು ಪಕ್ಕದಲ್ಲೇ ಕೂತಿರ್ತೀನಿ. ಅವರು ಅದನ್ನ ಮಾತಾಡಿಸ್ತಾರೆ. ಅದರ ಜೊತೆ ನಗ್ತಾರೆ. ನನಗೆ ಅದು ಕೇಳಿಸಲ್ಲ. ನಾನು ಅವರ ಮುಖ ನೋಡ್ತಾ ಕೂತಿರ್ತೀನಿ.'

ನಾನು ಓದಿದೆನೆಂದು ಖಾತ್ರಿ ಮಾಡಿಕೊಂಡು ಅದನ್ನೂ ಒರೆಸಿದರು. ಅವರ ಸೆರಗಿನ ಅಂಚಿನಲ್ಲಿ ಬಿಳಿಯ ಪಟ್ಟಿ ಮೂಡಿತ್ತು. ನಾನು ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ. ಹೊರಡುವಾಗ ಮತ್ತೆ ನಿಂತು ಬರೆದು ತೋರಿಸಿದರು. 'ಊಟ ಮಾಡು. ಆರಿಹೋಗ್ತದೆ.'

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ದನಿ ಆಕೆಯದು. ಅದು ಇರಲಿ, ಹೋಗಲಿ ಎನ್ನಲು ಆಕೆಗಿಂತ ಹಕ್ಕುಳ್ಳವರು ಯಾರು? ಆದರೆ ಕೇಳಿಸಿಕೊಂಡವರು ಆಕೆಯ ಗಂಡ. ಕೇಳಿಸಿಕೊಂಡದ್ದರ ಮೇಲೆ ಅವರಿಗೂ ಹಕ್ಕಿಲ್ಲವೇ? ಮಾತಿಲ್ಲದವರ ಮಾತಿಗೆ ಹೆಚ್ಚು ತೂಕ ಕೊಡುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಹಾಗಾಗಿ ನನ್ನ ಮನಸ್ಸು ಆ ಕಡೆ ವಾಲುತ್ತಿದೆಯೆಂದು ಗೊತ್ತಾಗಿ ಅದನ್ನೇ ಅನುಮಾನಿಸಿದೆ. ಒಂದು ದಿನ ಸಾಲು ಸರಿಸುವ ಅಂಕಿಯನ್ನು ಹಾಕಿದೆ. ಮರುದಿನ ಅಳಿಸಿದೆ. ಮನೆಯಲ್ಲಿ ತಾಯಿ ಬಡಿಸುತ್ತಿದ್ದರೆ ತಟ್ಟೆಯ ಮುಂದೆ ಏಳುತ್ತೇನೋ ಕೂರುತ್ತೇನೋ ಎಂಬಂತೆ ಇರುತ್ತಿದ್ದೆ. ಕೊನೆಗೆ, ಕೆಲಸವನ್ನು ಕೆಲಸದಂತೆ ಮಾಡುವುದು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀಲಮ್ಮನವರ ಮಾತನ್ನು ಬದಿಗಿಟ್ಟೆ. ಅಕ್ಷರ ಕಾಣಬೇಕು, ಸಾಲು ಅಲ್ಲಾಡಬಾರದು, ಅಷ್ಟೇ.

ಆಮೇಲೆ ಕೈ ಓಡಿತು. ಪುಟದ ಮೇಲ್ಗಡೆ ಬ್ಯಾಟರಿ ತೋರಿಸುವ ಪಟ್ಟಿಯೊಂದಿತ್ತು, ಕೆಳಗಡೆ ಪುಟದ ಸಂಖ್ಯೆ ಬರುವ ಪಟ್ಟಿ. ಎರಡನ್ನೂ ತೆಗೆದು, ಉಳಿದ ಜಾಗವನ್ನು ಎಲ್ಲ ಸಾಲುಗಳ ನಡುವೆ ಹಂಚಿದೆ. ಒತ್ತುಗಳು ಮೊದಲ ಸಲ ಕಾಲು ಚಾಚಿ ಕೂತವು. ಅಕ್ಷರದ ಅಂಚಿನಲ್ಲಿ ಕಪ್ಪಿಗೂ ಬಿಳುಪಿಗೂ ನಡುವೆ ಬೂದು ಚುಕ್ಕೆಗಳನ್ನಿಟ್ಟು ದುಂಡು ತಂದೆ. ಅಗಲವನ್ನು ಮುಟ್ಟದೆ ಒಂದೊಂದೇ ಅಕ್ಷರ ತಿದ್ದಿದೆ. ಪ್ರತಿ ಸಾಲೂ ಹಳೆಯ ಪದದಲ್ಲೇ ಮುಗಿಯುವ ಹಾಗೆ ಕಟ್ಟುಹಾಕಿದೆ. ಕೊನೆಗೆ ಉಳಿದದ್ದು ಪದಗಳ ನಡುವಿನ ಅಂಕುಡೊಂಕು ಅಂತರ. ಹಳೆಯ ಫರ್ಮ್‌ವೇರು ಅಕ್ಷರದ ಅಳತೆಯಲ್ಲಾಗುವ ಸಣ್ಣ ಸಣ್ಣ ತಪ್ಪುಗಳನ್ನೆಲ್ಲ ಒಯ್ದು ಅಲ್ಲಿ ಸುರಿಯುತ್ತಿತ್ತು. ತುದಿಯಿಂದ ತುದಿಗೆ ಅಳೆದು ಸಾಲಿನೊಳಗಿನ ಅಂತರಗಳನ್ನೆಲ್ಲ ಸಮ ಮಾಡಿದೆ. ಆ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಪುಟ ಶಾಂತವಾಗಿ ಕಾಣುತ್ತಿತ್ತು.

ಪರೀಕ್ಷೆಗೆ ಲೈಬ್ರರಿಯಿಂದ ಹತ್ತಾರು ರೀಡರು ತಂದು ಹಾಕಿ ನೋಡಿದೆ. ಕಚೇರಿಯ ಕ್ರಮವೇ ಅದು. ಮನೆಗಳ ದನಿಯನ್ನು ಪರೀಕ್ಷೆಗೆ ಕೊಡಿ ಎಂದು ಯಾರನ್ನು ಕೇಳುವುದು? ಒಂದೊಂದು ಪುಟದಲ್ಲೂ ಕರಿಬಸಮ್ಮನವರ ದನಿ ಮೊದಲಿದ್ದಂತೆಯೇ ಗಡಗಡ ಕೇಳಿಸಿತು. ಮೇಡಂ ತಾವೂ ಓದಿ ನೋಡಿದರು.

"ನೆಗಡಿ ಕೂಡ ಹೋಗಿಲ್ಲ" ಎಂದರು. "ಹಾಕಿ. ಮೊದಲು ಆ ಹಾಸಿಗೆ ಅಂಗಡಿಯವರಿಗೇ ಹಾಕಿ. ಅವರು ಒಪ್ಪಿದ್ರೆ ಊರಿಗೆಲ್ಲ ಬಿಡೋಣ."

ಮರುಳಸಿದ್ದಪ್ಪನವರು ಕಚೇರಿಯಲ್ಲೇ ನಿಂತು ಮೊದಲ ಪುಟ ತೆಗೆದರು. ಕನ್ನಡಕ ಹಣೆಗೆ ಏರಿಸಿದರು, ಮತ್ತೆ ಇಳಿಸಿದರು. ಅವರ ಮುಖ ಅರಳುವುದನ್ನು ನೋಡಿ ನನಗೆ ಖುಷಿಯಾಯಿತು, ಅದರ ಬಗ್ಗೆ ಸುಳ್ಳು ಹೇಳಲಾರೆ.

"ಆಹಾ! ಒಂದೊಂದು ಅಕ್ಷರನೂ ಅಂಗಡಿ ಬೋರ್ಡ್ ಇದ್ದಂಗಿದೆಯಲ್ಲೋ! ತೊದಲು ಹೋಯ್ತು, ಪೂರಾ ಹೋಯ್ತು. ಏ ನೀಲಾ, ಬಂದೆ ಕಣೇ ನೀನು!"

ಹಾಗೆ ಹೇಳಿದ್ದೂ ಅವರು ರೀಡರಿಗೆ. ಬಾಗಿಲ ಹತ್ತಿರ ನಿಂತಿದ್ದ ನೀಲಮ್ಮ ನನ್ನ ಮುಖ ನೋಡಿದರು. ಕೋಪವಿರಲಿಲ್ಲ; ಆಗಲಿಲ್ಲವೇನೋ ಎಂದು ಕೇಳುವಂತಿತ್ತು. ನಾನು ವೈರು ಸುತ್ತಿಡುವ ನೆಪದಲ್ಲಿ ಬಗ್ಗಿದೆ.

ಆ ವಾರವೆಲ್ಲ ಪೇಟೆಗೆ ಹೋದಾಗ ಅವರ ಅಂಗಡಿಯ ಮುಂದಿನ ದಾರಿ ಬಿಟ್ಟು ಬಳಸಿಕೊಂಡು ಹೋಗುತ್ತಿದ್ದೆ. ಮೇಡಂ ಊರಿಗೆಲ್ಲ ಬಿಡುವ ದಿನ ಗೊತ್ತುಮಾಡಿದ್ದರು. ಅದರ ಮುಂಚಿನ ದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಜಗಲಿಯ ಮೇಲೆ ಕೂತಿದ್ದರು. ಮರುಳಸಿದ್ದಪ್ಪನವರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮೇಡಂ ಬಂದು ತಮ್ಮ ಮೇಜಿಗೆ ಹೋದರು.

"ಏನಾಯ್ತು, ಕಾಣ್ತಿಲ್ವಾ?" ಎಂದೆ.

"ಕಾಣ್ತದೆ."

"ದನಿ?"

"ಅದೂ ಇದೆ." ಅಂಗೈಯಿಂದ ಮುಖ ಒರೆಸಿಕೊಂಡರು. "ಉಸಿರು ತಗೊಳ್ತಿಲ್ಲ ತಮ್ಮಾ ಇವಳು."

ರೀಡರನ್ನು ನನ್ನ ಮೇಜಿನ ಮೇಲಿಟ್ಟರು.

"ಹೆಂಗೆ ಹೇಳ್ಲಿ ನಿನಗೆ. ಕೊಲೆ ಮಾಡಿದ್ದು ಯಾರು ಅನ್ನೋ ಜಾಗ ಬರ್ತದಲ್ಲ, ಅಲ್ಲಿ ಇವಳು ನಿಲ್ಲಿಸೋಳು. ಹೆಸರು ಹೇಳ್ತಿರಲಿಲ್ಲ. ನಾನು 'ಅಡುಗೆಯವನು' ಅನ್ನೋನು. ಪ್ರತಿ ಸಲ ಅಡುಗೆಯವನೇ ಅನ್ನೋನು, ಅವಳಿಗೆ ನಗು ಬರಲಿ ಅಂತ. ಆಮೇಲೆ ಹೆಸರು ಓದೋಳು. ರೀಡರಲ್ಲೂ ಹಂಗೇ ಇತ್ತು, ಅಕ್ಷರ ಕಾಣ್ದೆ ಒದ್ದಾಡ್ತಿದ್ರೂ ಆ ನಿಲ್ಲೋದು ಇತ್ತು. ನೀನು ಸರಿಮಾಡಿಕೊಟ್ಟೆ ನೋಡು, ಈಗ ಬಸ್ಸಿನ ಕಂಡಕ್ಟರು ಸ್ಟಾಪು ಕೂಗಿದಂಗೆ ಕೊಲೆಗಾರನ ಹೆಸರು ಕೂಗ್ಬಿಟ್ಟು ಮುಂದೆ ಹೋಗ್ತಾಳೆ."

ನಾನು ಹಳೆಯ ಪುಟದ ಚಿತ್ರವನ್ನೂ ಹೊಸ ಪುಟದ ಚಿತ್ರವನ್ನೂ ಅಕ್ಕಪಕ್ಕ ತೆರೆದೆ. ಸಾಲುಗಳು ಒಂದು ಕೂದಲಷ್ಟೂ ಕದಲಿರಲಿಲ್ಲ. ಹಳೆಯ ಪುಟದಲ್ಲಿ ಕೊಲೆಗಾರನ ಹೆಸರಿಗೆ ಮುಂಚೆ, ಅಗಲವಾದ, ಕುರೂಪವಾದ ಒಂದು ಅಂತರ. ಹೊಸದರಲ್ಲಿ ಅದು ಉಳಿದೆಲ್ಲದರ ಹಾಗೆ ಸಮ. ಸಾಲಿನ ತುದಿಯನ್ನು ಊರಿಗೆ ಊರೇ ಕಾಯುತ್ತಿತ್ತು. ನಡುವಿನ ಖಾಲಿ ಜಾಗದಲ್ಲಿ ಏನಾದರೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಎಲ್ಲಿಯೂ ನಿಲ್ಲದೆ ಓದುವ ಕರಿಬಸಮ್ಮನವರ ದನಿಯಲ್ಲಿ. ಅವರಲ್ಲಿ ಕಳೆದುಹೋಗುವ ನಿಲುಗಡೆಯೇ ಇರಲಿಲ್ಲ.

"ಹಳೇದನ್ನೇ ವಾಪಸ್ ಹಾಕಿ ನೋಡ್ತೀನಿ" ಎಂದೆ. ಹಾಕಿದೆ. ಒತ್ತುಗಳು ಮತ್ತೆ ಕೆಳಗಿನ ಸಾಲಿಗೆ ಇಳಿದವು, ಅಂತರಗಳು ಮತ್ತೆ ಅಂಕುಡೊಂಕಾದವು. ಮರುಳಸಿದ್ದಪ್ಪನವರು ರೀಡರನ್ನು ಕಣ್ಣಿಗೆ ಅಂಟಿಸಿಕೊಂಡು ಓದಿದರು. ನಾವೆಲ್ಲ ಅವರ ಬೆರಳು ಸಾಗುವುದನ್ನೇ ನೋಡುತ್ತಿದ್ದೆವು.

"ಊಹೂಂ. ಹೋದದ್ದು ಹೋಯ್ತು."

ಮತ್ತೆ ಹೊಸದನ್ನು ಹಾಕಿದೆ. "ತಪ್ಪಾಯ್ತು. ಅಲ್ಲಿ ಏನೂ ಇಲ್ಲ ಅಂದ್ಕೊಂಡಿದ್ದೆ."

"ಏನೂ ಇಲ್ವಾ?" ಅವರು ಎದ್ದು ನಿಂತರು. "ನಾನು ಮಾತಾಡ್ತಿದ್ದುದೇ ಅಲ್ಲಿ ಕಣೋ! ಓದಿದ್ದೆಲ್ಲ ಅವಳು, ಆ ಜಾಗ ನಂದು. ಅದನ್ನೇ ಒರೆಸಿ ಕೊಟ್ಯಲ್ಲೋ!"

ಮೇಡಂ ತಮ್ಮ ಮೇಜಿನಿಂದ ಏಳಹೋದವರು ಅಲ್ಲೇ ನಿಂತರು. ನನಗೆ ನೀಲಮ್ಮನವರ ಕಡೆ ನೋಡುವ ಧೈರ್ಯವಾಗಲಿಲ್ಲ. ಕೇಳಿದ್ದು ಸಿಕ್ಕಿತೆಂದು ಅವರ ಮುಖದಲ್ಲಿ ಕಂಡುಬಿಟ್ಟರೆ ಏನು ಮಾಡುವುದು? ಅಥವಾ ಇದಲ್ಲ ನಾನು ಕೇಳಿದ್ದು ಎಂದು ಕಂಡರೆ?

ನೀಲಮ್ಮ ಬಂದು ಗಂಡನ ಕೈಯಿಂದ ರೀಡರನ್ನು ತೆಗೆದುಕೊಂಡರು. ಕಾಯಿಲೆಯಾದ ಮೇಲೆ ಅವರು ಆ ಪುಸ್ತಕವನ್ನು ತೆರೆದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ನಿಂತೇ ಓದತೊಡಗಿದರು. ಒಂದು ಪುಟವಾಗುವ ಹೊತ್ತಿಗೆ ಅವರ ಭುಜಗಳು ಕುಲುಕಿದವು. ಅಳುತ್ತಿದ್ದಾರೆಂದು ನಾನು ಕುರ್ಚಿ ಎಳೆದೆ. ಅವರು ನಗುತ್ತಿದ್ದರು. ಸದ್ದಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಗು. ಸ್ಲೇಟು ತೆಗೆದು ಗಂಡನಿಗೆ ಬರೆದು ತೋರಿಸಿದರು.

'ಯಾರು ಓಡಿಸ್ಕೊಂಡು ಬರ್ತಿದ್ದಾರೆ ಇವಳನ್ನ?'

ಮರುಳಸಿದ್ದಪ್ಪನವರಿಗೆ ನಗಬಾರದೆಂದಿತ್ತು. "ಅದೇ ಹೇಳಿದ್ನಲ್ಲ, ಬಸ್ಸು ತಪ್ಪಿದಂಗೆ ಓಡ್ತಾಳೆ" ಎಂದು ಗೊಣಗಿದರು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡರು.

ಆಕೆ ಒರೆಸಿ ಮತ್ತೆ ಬರೆದರು. 'ನೀವು ಓದಿ.'

"ಓದ್ತಾನೇ ಇದ್ದೀನಲ್ಲ ದಿನಾ."

ಬರೆದಿದ್ದರ ಕೆಳಗೆ ಬಳಪದಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಸೇರಿಸಿದರು: 'ಗಟ್ಟಿಯಾಗಿ. ನನಗೆ.'

ನಮ್ಮ ಊರಿನಲ್ಲಿ ಒಬ್ಬರ ದನಿಯಿದ್ದ ರೀಡರನ್ನು ಕೈಗೆ ಕೊಟ್ಟು ಹೀಗೆ ಕೇಳುವುದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

"ನಿನಗೇನು ಹುಚ್ಚಾ?" ಅವರ ದನಿ ಇಳಿಯಿತು. "ನಾನು ಬಾಯಿ ಬಿಟ್ರೆ ನೀನು ಹೋಗ್ತೀಯ."

ನೀಲಮ್ಮ ಏನೂ ಬರೆಯಲಿಲ್ಲ. ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟು ಎರಡು ಸಲ ತಟ್ಟಿಕೊಂಡರು. ಆಮೇಲೆ ನಾನು ಎಳೆದಿಟ್ಟ ಕುರ್ಚಿಯನ್ನು ಅವರ ಎದುರಿಗೆ ಹಾಕಿಕೊಂಡು, ಕೈಕಟ್ಟಿ, ಕಥೆ ಕೇಳಲು ಬಂದವರ ಹಾಗೆ ಕೂತರು.

ಮರುಳಸಿದ್ದಪ್ಪನವರು ಕನ್ನಡಕ ತೆಗೆದು ಅಂಗಿಗೆ ಉಜ್ಜಿದರು. ಅಂಗಿಯಲ್ಲಿದ್ದ ಹತ್ತಿ ಗಾಜಿಗೆ ಅಂಟಿತು, ಅದನ್ನು ಬಿಡಿಸಿದರು. ಮತ್ತೆ ಉಜ್ಜಿದರು. ಬೆರಳನ್ನು ಪುಟದ ಮೇಲಿಟ್ಟು ತೆಗೆದರು. ನನ್ನ ಕಡೆ ನೋಡಿದರು. ಬೇಡವೆಂದು ನಾನಾದರೂ ಹೇಳಲಿ ಎಂಬಂತೆ.

"ಪತ್ತೇದಾರ... ಸೀತಾಪತಿ..." ಎಂದು ಶುರುಮಾಡಿದರು. ಕೆಮ್ಮಿದರು. "ಪತ್ತೇದಾರ ಸೀತಾಪತಿ ದೀಪ ಹಚ್ಚಿದ. ಬಂಗಲೆಯ ನಡುಮನೆಯಲ್ಲಿ ಎಲ್ಲರೂ... ಸೇರಿದ್ದರು."

ಅಷ್ಟು ಕೆಟ್ಟ ಓದನ್ನು ನಾನು ಕೇಳಿಲ್ಲ. ಪದ ಪದಕ್ಕೂ ಎಡವುತ್ತಿದ್ದರು. ಪತ್ತೇದಾರನೂ ಜಮೀನ್ದಾರನೂ ದಿಂಬಿನ ಗಿರಾಕಿಗಳ ಹಾಗೆ ಮಾತಾಡುತ್ತಿದ್ದರು. ಒಂದೊಂದು ಸಾಲು ಮುಗಿದಾಗಲೂ ಏನೋ ಮುಳುಗಿಹೋಯಿತೆಂಬಂತೆ ಅವರ ಮುಖ ಬಿಗಿಯುತ್ತಿತ್ತು. ಆದರೆ ತಲೆಯೆತ್ತಿದರೆ ಎದುರಿಗೆ ಆಕೆ ಕೂತಿದ್ದರು. ಹಾಗೆ ತಲೆಯೆತ್ತುವುದು ಬರಬರುತ್ತ ಹೆಚ್ಚಾಯಿತು.

"'ನಿಮ್ಮಲ್ಲಿ ಒಬ್ಬರ ಕೈಗೆ ಮಾತ್ರ ಆ ಕೀಲಿ ಸಿಗುವಂತಿತ್ತು' ಎಂದ ಸೀತಾಪತಿ. 'ಈ ಕೊಲೆಯನ್ನು ಮಾಡಿದವರು...'"

ನೀಲಮ್ಮನವರ ಬಳಪ ಮೇಲೆದ್ದಿತು. ಗಂಡ ಓದು ನಿಲ್ಲಿಸಿದರು.

ಹೊರಗೆ ಲಾರಿಯೊಂದು ಗೇರು ಬದಲಿಸಿತು. ಮರುಳಸಿದ್ದಪ್ಪನವರ ಬಾಯಿ ಅರ್ಧ ತೆರೆದಿತ್ತು. ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ರೀಡರನ್ನು ಎದೆಗೆ ಒತ್ತಿ, ಪುಟ ಕಾಣದ ಹಾಗೆ ಮುಚ್ಚಿಕೊಂಡರು.

"ಯಾರು? ಹೇಳು ನೋಡಾಣ."

ನೀಲಮ್ಮ ನೆತ್ತಿ ಕೆರೆದುಕೊಂಡರು. ಮೇಡಂ ಕಡೆ ನೋಡಿದರು, ನನ್ನ ಕಡೆ ನೋಡಿದರು, ಸೂರು ನೋಡಿದರು. ಬಹಳ ಯೋಚನೆ ಮಾಡಿದವರ ಹಾಗೆ ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತಿರುಗಿಸಿದರು.

'ಅಡುಗೆಯವನು.'

"ತಪ್ಪು!" ಎಂದು ಅವರು ಕಿರುಚಿದ್ದು ಉಗ್ರಾಣದ ಮುಂಭಾಗದವರೆಗೂ ಕೇಳಿಸಿರಬೇಕು. "ಪ್ರತಿ ಸಲ ಅಡುಗೆಯವನು! ಪಾಪ, ಅವನೇನು ಮಾಡಿದ್ದ ನಿನಗೆ!" ನಗುತ್ತ ನಗುತ್ತ ಕೆಮ್ಮು ಹತ್ತಿತು. ನೀಲಮ್ಮ ಎದ್ದು, ಮೆಲ್ಲಗೆ ಎನ್ನುವಂತೆ ಬೆನ್ನು ಸವರಿದರು. ಮೇಡಂ ನೀರು ತಂದರು. ನೀರು ಕುಡಿದು, ಬಾಯಿ ಒರೆಸಿಕೊಂಡು, ಅವರು ಆ ಹೆಸರನ್ನು ಓದಿದರು.

ಮರುದಿನ ಊರಿಗೆಲ್ಲ ಬಿಟ್ಟ ಅಪ್‌ಡೇಟಿನಲ್ಲಿ ಪದಗಳ ನಡುವಿನ ಅಂತರವನ್ನು ಹಳೆಯ ಹಾಗೇ ಉಳಿಸಿದೆ. ಅಕ್ಷರ ಚೆನ್ನಾಗಿದೆ, ಸಾಲು ಮಾತ್ರ ಹಲ್ಲುಬಿದ್ದವರ ಬಾಯಿ ಇದ್ದಂತಿದೆ ಎಂದು ಜನ ಆಡಿಕೊಂಡರು. ಅದನ್ನೂ ಯಾವಾಗ ಸರಿಮಾಡುತ್ತೀರಿ ಎಂದು ಮೇಡಂ ಅವರನ್ನು ಕೇಳಿದರು. "ಅದು ಹಾಗೇ" ಎಂದರು ಮೇಡಂ. ನನಗೆ ಹೊಸ ಮಾತೇನೂ ಹೇಳಲಿಲ್ಲ. ಹೊಸದಾಗಿ ಸೇರುವವರಿಗೆ ಈಗ ಅವರು ಎರಡು ಮಾತು ಹೇಳುತ್ತಾರಂತೆ.

ನಾನು ಪೇಟೆಯ ದಾರಿಯನ್ನು ಬಳಸುವುದು ಬಿಟ್ಟೆ. ಒಂದು ಸಂಜೆ ಅವರ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಮರುಳಸಿದ್ದಪ್ಪನವರು ಕರೆದು ಕೂರಿಸಿದರು. ಕಾದಂಬರಿ ಅರ್ಧದವರೆಗೆ ಬಂದಿತ್ತು. ಅಷ್ಟೂ ಪುಟಗಳಲ್ಲಿ ಈಗ ಅವರದೇ ಕೆಮ್ಮು, ಅವರದೇ ಎಡವುವ ಓದು. ಉಳಿದ ಅರ್ಧದಲ್ಲಿ ನೀಲಮ್ಮನವರ ದನಿ ಉಸಿರಿಲ್ಲದೆ ಓಡುತ್ತಿತ್ತು. ಅದನ್ನು ಅವರು ಈಗ ಮುಂಚಿತವಾಗಿ ಓದಿಕೊಳ್ಳುವುದಿಲ್ಲವಂತೆ.

ನೀಲಮ್ಮ ಒಳಗೆ, ಅರೆಬೆಳಕಿನಲ್ಲಿ, ದಿಂಬಿಗೆ ಹತ್ತಿ ತುಂಬುತ್ತಿದ್ದರು. ಮರುಳಸಿದ್ದಪ್ಪನವರು ನನ್ನ ಕಡೆ ಬಗ್ಗಿ, ಆಕೆಗೆ ಕೇಳಿಸದಿರಲೆಂದು ದನಿ ತಗ್ಗಿಸಿದರು.

"ಆವತ್ತು ನಿನ್ನನ್ನ ಬಯ್ದುಬಿಟ್ಟೆ. ಮನಸ್ಸಿನಲ್ಲಿ ಇಟ್ಕೋಬೇಡ ತಮ್ಮಾ. ನನಗಿಂತ ಅವಳಿಗೆ ಸಂಕಟ ಆಗಿರಬೇಕು. ಎಷ್ಟಾದ್ರೂ ಅವಳ ದನಿ ಅಲ್ವಾ, ಇದ್ದದ್ದು ಅದೊಂದೇ. ಮುಖದಲ್ಲಿ ತೋರಿಸಲಿಲ್ಲ ನೋಡು. ನನ್ನನ್ನ ನಗಿಸಿ ಕರ್ಕೊಂಡು ಬಂದ್ಲು. ನನಗೋಸ್ಕರ ಅದನ್ನೂ ಬಿಟ್ಟುಕೊಟ್ಟಳು."

ಹತ್ತಿ ತುಂಬುತ್ತಿದ್ದ ಕೈ ನಿಂತಿತು. ಅರೆಬೆಳಕಿನಲ್ಲಿ ಆಕೆಯ ಮುಖ ನನ್ನ ಕಡೆ ತಿರುಗಿತ್ತು. ಸ್ಲೇಟು ಪಕ್ಕದಲ್ಲೇ ಇತ್ತು. ಅದನ್ನು ಅವರು ಮುಟ್ಟಲಿಲ್ಲ.

ಆ ಅಂತರಗಳನ್ನು ಸಮ ಮಾಡುವಾಗ ನನ್ನ ಕೈ ಅಷ್ಟು ಹಗುರವಾಗಿ ಓಡಿದ್ದು ಯಾಕೆ ಎಂದು ನಾನು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಹೊತ್ತು ಮಾತ್ರ "ಹೌದು" ಎಂದೆ. ಚಹಾ ಕುಡಿದೆ. ಮನೆಗೆ ಬಂದೆ.

ನೀಲಮ್ಮ ಅದಕ್ಕೂ ಮೊದಲೇ ಒಬ್ಬರೇ ಬಂದು, ಆ ದನಿ ಹೋಗಲಿ ಎಂದು ನನ್ನನ್ನು ಕೇಳಿದ್ದರೆಂದು ನಾನು ಮರುಳಸಿದ್ದಪ್ಪನವರಿಗೆ ಹೇಳಲಿಲ್ಲ.